ಬಾತುಕೋಳಿಯ ಪಾದ್ರಿಯೂ ಹೊನ್ನಾವರದ ಕೇಪಿನ ಕೋವಿಯೂ

ಕುಮಟಾದಿಂದ ಭಟ್ಕಳದವರೆಗೆ ಘಟ್ಟದ ಬುಡದಲ್ಲಿ ತೋಟ, ಗದ್ದೆ ಮಾಡಿಕೊಂಡಿರುವವರ ಮನೆಯಲ್ಲಿ ಪರವಾನಗಿಯ ಕೋವಿ ಇದ್ದರೆ ಅದು ಹೆಚ್ಚಾಗಿ ಎರಡರಲ್ಲಿ ಒಂದು. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಇಲ್ಲವೇ ತೋಟಾ ಹಾಕುವ ಹನ್ನೆರಡು ಬೋರಿನ ಬಂದೂಕು. ರೈಫಲ್ ಅಪರೂಪ. ಯಾವ ಪ್ರಾಣಿಗೆ ಎಷ್ಟು ತೂಕದ ಗುಂಡು, ಎಷ್ಟು ದೂರಕ್ಕೆ ಯಾವ ನಳಿಗೆ ಎಂದು ಲೆಕ್ಕ ಹಾಕಿಟ್ಟ ಪುಸ್ತಕಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆ ಲೆಕ್ಕದಲ್ಲಿ ನೋಡಿದರೆ ಇನ್ನೂರು ವರ್ಷದ ಹಿಂದಿನ ಯಂತ್ರವನ್ನು ಹೆಗಲಿಗೇರಿಸಿಕೊಂಡು ಹಂದಿ ಕಾಯುವುದು ಬಡತನವೋ ಹಳ್ಳಿಗಮಾರತನವೋ ಅನ್ನಿಸಬೇಕು. ನನಗೆ ಹಾಗನ್ನಿಸುವುದಿಲ್ಲ. ಆ ಕೋವಿ ಇಲ್ಲಿ ಉಳಿದುಕೊಂಡದ್ದಕ್ಕೆ ಗಟ್ಟಿಯಾದ ಕಾರಣಗಳಿವೆ. ಅವು ಏನೆಂದು ತಿಳಿಯಬೇಕಾದರೆ ಅದು ಹುಟ್ಟಿದ ಕತೆಯನ್ನೇ ಹೇಳಬೇಕು. ಕತೆ ಶುರುವಾಗುವುದು ಸ್ಕಾಟ್ಲೆಂಡಿನ ಒಂದು ಜೌಗು ಕೆರೆಯ ದಂಡೆಯಲ್ಲಿ. ಆದರೆ ಮೊದಲು ನಮ್ಮ ಮಳೆಯ ವಿಷಯ.

ಹೊನ್ನಾವರದ ಕಡೆ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ. ಜೂನ್ ತಿಂಗಳಲ್ಲಿ ಹಿಡಿದದ್ದು ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಈ ನಾಲ್ಕು ತಿಂಗಳು ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದು ಮಾತ್ರ ಒಣಗಿರುತ್ತದೆ. ಕಪ್ಪು ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕದ ಮಿಶ್ರಣ. ನೂರಕ್ಕೆ 75 ಪಾಲು ಪೆಟ್ಲುಪ್ಪೇ. ಸರಿಯಾಗಿ ಶುದ್ಧವಾಗದ ಪೆಟ್ಲುಪ್ಪು ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಒದ್ದೆಯಾದ ಮದ್ದು ಸಿಡಿಯುವುದಿಲ್ಲ, ಹೆಚ್ಚೆಂದರೆ ಹೊಗೆಯಾಡುತ್ತದೆ.

ಈಗ 1783ಕ್ಕೆ ಹೋಗೋಣ. ಆ ವರ್ಷದ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೈನ್ಯ ಹೊನ್ನಾವರದ ಕೋಟೆ ಹಿಡಿದು, ಕ್ಯಾಪ್ಟನ್ ಟೊರಿಯಾನೋ ಎಂಬವನ ಕೈಗೆ ಅದನ್ನು ಒಪ್ಪಿಸಿ ಘಟ್ಟ ಹತ್ತಿತು. ಟಿಪ್ಪುವಿನ ಸೈನ್ಯ ಬಂದು ಕೋಟೆಗೆ ಮುತ್ತಿಗೆ ಹಾಕಿತು. ಮುತ್ತಿಗೆ ಮಳೆಗಾಲವನ್ನೂ ದಾಟಿ 1784ರವರೆಗೆ ಎಳೆಯಿತು. ಆ ಕಾಲದ ಸಿಪಾಯಿಯ ಕೈಯಲ್ಲಿದ್ದದ್ದು ಚಕಮಕಿ ಕೋವಿ. ಅದರ ಕೆಲಸ ಹೀಗೆ: ನಳಿಗೆಯ ಬುಡದ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು. ಅದರಲ್ಲಿ ಚಿಟಿಕೆ ಮದ್ದು. ಕುದುರೆಯ, ಅಂದರೆ ಬಡಿಯುವ ಕೀಲಿನ, ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿನ ಹಲಗೆಗೆ ಉಜ್ಜಿ ಕಿಡಿ ಹಾರಿಸಬೇಕು, ಕಿಡಿ ಬಟ್ಟಲಿಗೆ ಬೀಳಬೇಕು, ಬಟ್ಟಲಿನ ಬೆಂಕಿ ಸೂಜಿ ಹೋಗುವಷ್ಟು ತೂತಿನೊಳಗೆ ನುಗ್ಗಿ ನಳಿಗೆಯ ಮದ್ದಿಗೆ ತಾಗಬೇಕು. ಅಷ್ಟರಲ್ಲಿ ಗಾಳಿ ಬೀಸಿದರೆ ಕೆಟ್ಟಿತು, ಹನಿ ಬಿದ್ದರೆ ಕೆಟ್ಟಿತು. ಆಷಾಢದ ಶರಾವತಿ ದಂಡೆಯಲ್ಲಿ ಇಂಥ ಕೋವಿ ಹಿಡಿದು ನಿಂತವನ ಪಾಡು ಯಾವ ಇತಿಹಾಸದ ಪುಸ್ತಕ ಓದದಿದ್ದರೂ ನಮಗೆ ಅರ್ಥವಾಗುತ್ತದೆ.

ಈ ರೋಗಕ್ಕೆ ಮದ್ದು ಕಂಡುಹಿಡಿದವನು ಸೇನಾಪತಿಯಲ್ಲ, ಕಮ್ಮಾರನೂ ಅಲ್ಲ. ಅಬರ್ಡೀನ್ ಪಟ್ಟಣದ ಹತ್ತಿರದ ಬೆಲ್ಹೆಲ್ವಿ ಎಂಬ ಊರಿನ ಪಾದ್ರಿ, ಅಲೆಕ್ಸಾಂಡರ್ ಜಾನ್ ಫಾರ್ಸೈತ್. ಹುಟ್ಟಿದ್ದು 1768ರಲ್ಲಿ. ಅಪ್ಪನೂ ಅದೇ ಊರಿನ ಪಾದ್ರಿ. 1791ರಲ್ಲಿ ಮಗ ಆ ಜಾಗಕ್ಕೆ ಬಂದ. ಭಾನುವಾರ ಉಪದೇಶ, ಉಳಿದ ದಿನ ರಸಾಯನಶಾಸ್ತ್ರ, ಲೋಹದ ಕೆಲಸ ಮತ್ತು ಬಾತುಕೋಳಿ ಬೇಟೆ. ಅವನಿಗೆ ತಲೆನೋವಾಗಿದ್ದದ್ದು ಮಳೆಯೊಂದೇ ಅಲ್ಲ. ಚಕಮಕಿ ಕೋವಿಯ ಬಟ್ಟಲಲ್ಲಿ ಬೆಂಕಿ ಮಿಂಚಿದ್ದಕ್ಕೂ ಗುಂಡು ಹೊರಬಿದ್ದದ್ದಕ್ಕೂ ನಡುವೆ ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು ಇರುತ್ತದೆ. ನೀರಿನ ಮೇಲಿದ್ದ ಕಾಡುಬಾತು ಆ ಮಿಂಚನ್ನು ನೋಡಿ ಅಷ್ಟರೊಳಗೆ ಮುಳುಗಿಬಿಡುತ್ತಿತ್ತು. ಚರೆ ಬೀಳುವ ಹೊತ್ತಿಗೆ ಅಲ್ಲಿ ನೀರಿನ ಉಂಗುರ ಮಾತ್ರ. ಪಾದ್ರಿ ಮೊದಲು ಬಟ್ಟಲಿನ ಮೇಲೆ ಮುಚ್ಚಳ ಕಟ್ಟಿ ಮಿಂಚನ್ನು ಮರೆಮಾಡಲು ನೋಡಿದ. ಅದು ಅಷ್ಟಕ್ಕಷ್ಟೇ. ಆಮೇಲೆ ಯೋಚನೆ ಬೇರೆ ದಾರಿ ಹಿಡಿಯಿತು: ಕಿಡಿಯೇ ಬೇಡದ ಬೆಂಕಿ ಇದ್ದರೆ?

ಅಂಥ ಬೆಂಕಿ ಆಗಲೇ ಇತ್ತು. ಫ್ರಾನ್ಸಿನ ಬರ್ತೋಲೆ ಕ್ಲೋರೇಟ್ ಲವಣಗಳನ್ನು ತಯಾರಿಸಿದ್ದ. 1788ರಲ್ಲಿ ಅದನ್ನು ಹಾಕಿ ಕೋವಿಮದ್ದು ಮಾಡಲು ಹೋಗಿ ಎಸೋನ್ ಎಂಬಲ್ಲಿ ಕಾರ್ಖಾನೆಯೇ ಸಿಡಿದು ಜನ ಸತ್ತರು. ಇಂಗ್ಲೆಂಡಿನ ಎಡ್ವರ್ಡ್ ಹೊವರ್ಡ್ 1800ರಲ್ಲಿ ಪಾದರಸದ ಫಲ್ಮಿನೇಟ್ ಮಾಡಿ ತೋರಿಸಿದ. ಪ್ರಯೋಗದಲ್ಲಿ ಅವನಿಗೂ ಗಾಯಗಳಾದವು. ಬಡಿದರೆ ಸಾಕು ಸಿಡಿಯುವ ವಸ್ತುಗಳಿವು. ಎಲ್ಲರೂ ಇವನ್ನು ಮದ್ದಿನ ಬದಲಿಗೆ ಬಳಸಬಹುದೇ ಎಂದು ನೋಡಿ ಕೈಸುಟ್ಟುಕೊಂಡಿದ್ದರು. ಇವು ಮದ್ದಿನಷ್ಟು ನಿಧಾನವಾಗಿ ಉರಿಯುವುದಿಲ್ಲ, ನಳಿಗೆಯನ್ನೇ ಒಡೆದುಹಾಕುತ್ತವೆ. ಫಾರ್ಸೈತ್‌ಗೆ ಹೊಳೆದದ್ದು ಬೇರೆ. ಮದ್ದು ಮದ್ದಾಗಿಯೇ ಇರಲಿ, ಅದಕ್ಕೆ ಬೆಂಕಿ ಕೊಡುವ ಕೆಲಸ ಮಾತ್ರ ಈ ಸಿಡಿಪುಡಿ ಮಾಡಲಿ. ಮೊದಲು ಅದನ್ನು ತೆರೆದ ಬಟ್ಟಲಲ್ಲಿಟ್ಟು ನೋಡಿದ. ಭುಸ್ಸೆಂದು ಉರಿದು ಹೋಯಿತೇ ಹೊರತು ಒಳಗಿನ ಮದ್ದಿಗೆ ತಾಗಲಿಲ್ಲ. ಮುಚ್ಚಿದ ಸಣ್ಣ ಜಾಗದಲ್ಲಿಟ್ಟು ಸುತ್ತಿಗೆಯಿಂದ ಬಡಿದಾಗ ಬೆಂಕಿಗೆ ಹೋಗಲು ನಳಿಗೆಯ ತೂತೊಂದೇ ದಾರಿಯಾಯಿತು. ಹಿತ್ತಲ ಕುಲುಮೆಯಲ್ಲಿ ತಾನೇ ಮಾಡಿಕೊಂಡ ಈ ಕೀಲನ್ನು ಹಾಕಿ 1805ರಲ್ಲಿ ಬೇಟೆಗೆ ಹೋದ. ಬಟ್ಟಲಿನ ಮಿಂಚಿಲ್ಲ, ತಡವಿಲ್ಲ. ಬಾತುಕೋಳಿಗಳಿಗೆ ಕೆಟ್ಟ ಕಾಲ ಶುರುವಾಯಿತು.

ಮುಂದಿನ ವರ್ಷ ಲಂಡನ್ನಿಗೆ ಹೋದವನನ್ನು ಶಸ್ತ್ರಾಸ್ತ್ರ ಇಲಾಖೆಯ ಮುಖ್ಯಸ್ಥ ಲಾರ್ಡ್ ಮೊಯ್ರಾ ಕರೆದು ಲಂಡನ್ ಟವರಿನಲ್ಲಿ ಕೋಣೆ ಕೊಟ್ಟು ಕೆಲಸ ಮಾಡಲು ಹೇಳಿದ. 1807ರಲ್ಲಿ ಸರ್ಕಾರ ಬದಲಾಯಿತು. ಹೊಸದಾಗಿ ಬಂದ ಲಾರ್ಡ್ ಚಾತಮ್ ಪಾದ್ರಿಯ ಸಾಮಾನನ್ನೆಲ್ಲ ಕಸದಂತೆ ಎತ್ತಿಕೊಂಡು ಹೋಗಲು ಹೇಳಿಸಿದ. ಮೇಲಿನವರು ಬದಲಾದಾಗ ಕೆಳಗಿನವರ ಕಡತ ಅಟ್ಟ ಸೇರುವುದು ನಮ್ಮ ಕಚೇರಿಗಳಲ್ಲಿ ಮಾತ್ರ ಎಂದುಕೊಂಡವರಿಗೆ ಇದೊಂದು ಸಮಾಧಾನ. ಫಾರ್ಸೈತ್ ಅದೇ ವರ್ಷ ಪೇಟೆಂಟ್ ಪಡೆದ. ಅರ್ಜಿಯ ಒಕ್ಕಣೆಗೆ ಸಹಾಯ ಮಾಡಿದವನು ಉಗಿಯಂತ್ರದ ಜೇಮ್ಸ್ ವಾಟ್. ಅತ್ತರಿನ ಬಾಟಲಿಯ ಆಕಾರದ ಸಿಡಿಪುಡಿ ಡಬ್ಬಿ ಇದ್ದ ಕೋವಿಗಳನ್ನು ಮಾರಲು ಪಿಕಡಿಲಿಯಲ್ಲಿ ಅಂಗಡಿ ತೆರೆದ. ನಕಲು ಮಾಡಿದವರ ಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆದ. ಆ ಪುಡಿಯನ್ನು ತಾಮ್ರದ ಪುಟ್ಟ ಟೋಪಿಯೊಳಗೆ ಅಂಟಿಸಿ, ನಳಿಗೆಯ ಬುಡದ ಮೊಲೆಯ ಮೇಲೆ ಸಿಕ್ಕಿಸುವ ಉಪಾಯ ಬಂದದ್ದು ಸುಮಾರು 1814ರಿಂದ 1822ರ ನಡುವೆ. ಅದು ನನ್ನದು ಎಂದವರು ಅನೇಕರು. ಅಮೆರಿಕೆಗೆ ವಲಸೆ ಹೋದ ಜೋಶುವಾ ಶಾ ಎಂಬ ಚಿತ್ರಕಾರ, ಲಂಡನ್ನಿನ ಕೋವಿ ಕಸುಬಿನ ಮ್ಯಾಂಟನ್, ಎಗ್, ಬೇಟೆಗಾರ ಕರ್ನಲ್ ಹಾಕರ್ ಎಲ್ಲರೂ ಹಕ್ಕು ಸಾಧಿಸಿದರು. ಆ ಜಗಳ ಇನ್ನೂ ತೀರಿಲ್ಲ, ತೀರುವುದೂ ಬೇಡ. ಆ ತಾಮ್ರದ ಟೋಪಿಯೇ ನಮ್ಮ ಕೇಪು.

ಬೇಟೆಗಾರರು ಒಂದೇ ಏಟಿಗೆ ಒಪ್ಪಿಕೊಂಡದ್ದನ್ನು ಸೈನ್ಯ ಒಪ್ಪಲು ಮೂವತ್ತು ವರ್ಷ ತೆಗೆದುಕೊಂಡಿತು. 1834ರಲ್ಲಿ ವುಲಿಚ್‌ನಲ್ಲಿ ಚಕಮಕಿ ಕೋವಿಯನ್ನೂ ಕೇಪಿನ ಕೋವಿಯನ್ನೂ ಎಲ್ಲಾ ಹವೆಯಲ್ಲಿ 6,000 ಈಡು ಹೊಡೆಸಿ ನೋಡಿದರು. ಚಕಮಕಿಯದು 922 ಸಲ ಹುಸಿಹೋಯಿತು. ಕೇಪಿನದು 36 ಸಲ. ಆದರೂ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಕೈಗೆ ಅದು ಬೇಗ ಬರಲಿಲ್ಲ. 1841ರ ಮೇ ತಿಂಗಳು, ಚೀನಾದ ಕ್ಯಾಂಟನ್ ಹತ್ತಿರದ ಸಾನ್‌ಯುವಾನ್‌ಲಿ. 37ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯ ಒಂದು ತುಕಡಿ ಬಿರುಮಳೆಯಲ್ಲಿ ಉಳಿದವರಿಂದ ತಪ್ಪಿಹೋಯಿತು. ಸುತ್ತ ಸಾವಿರಾರು ಹಳ್ಳಿಗರು ಈಟಿ ಹಿಡಿದು ಮುತ್ತಿದರು. ಸಿಪಾಯಿಗಳ ಚಕಮಕಿ ಕೋವಿಗಳು ಬಹುತೇಕ ಹಾರಲಿಲ್ಲ. ಚೌಕ ಕಟ್ಟಿ ಬಾನೆಟ್ಟು ಚಾಚಿಕೊಂಡು ನಿಂತವರನ್ನು ಬಿಡಿಸಿಕೊಂಡು ಬಂದದ್ದು ಕೇಪಿನ ಕೋವಿ ಹಿಡಿದ ನೌಕಾಪಡೆಯ ಎರಡು ತುಕಡಿಗಳು. ಅದೇ ಮಳೆ, ಅದೇ ಕೆಸರು. ವ್ಯತ್ಯಾಸ ಉದ್ದಿನ ಕಾಳಿನಷ್ಟು ದೊಡ್ಡ ತಾಮ್ರದ ಟೋಪಿಯಲ್ಲಿತ್ತು. ದಕ್ಷಿಣದ ಸಿಪಾಯಿಗಳು ಇದನ್ನು ಕಲಿಯಲು ಚೀನಾಕ್ಕೆ ಹೋಗಬೇಕಾಯಿತು. ಹೊನ್ನಾವರದಲ್ಲಿ ಜುಲೈ ತಿಂಗಳಲ್ಲಿ ಪರೀಕ್ಷೆ ಮಾಡಿದ್ದರೆ ಎರಡೇ ದಿನದಲ್ಲಿ ತೀರ್ಮಾನವಾಗುತ್ತಿತ್ತು. ಫಾರ್ಸೈತ್ ಸತ್ತದ್ದು 1843ರಲ್ಲಿ, ಬ್ರಿಟಿಷ್ ಸೈನ್ಯ ಅವನ ತತ್ವದ ಕೋವಿಯನ್ನು ಆಗಷ್ಟೇ ಹೆಗಲಿಗೇರಿಸುತ್ತಿದ್ದಾಗ.

ಕೇಪಿನ ಕೋವಿಗೆ ಈಡು ತುಂಬುವುದನ್ನು ಹತ್ತಿರದಿಂದ ನೋಡಿದವರಿಗೆ ಅದರ ಇನ್ನೊಂದು ಗುಣ ಗೊತ್ತಾಗುತ್ತದೆ. ನಳಿಗೆಯನ್ನು ಆಕಾಶಕ್ಕೆ ಮಾಡಿ ನಿಲ್ಲಿಸಿ, ಅಳತೆಯ ಕೊಳವೆಯಲ್ಲಿ ಮಸಿ, ಅಂದರೆ ಕಪ್ಪು ಮದ್ದು, ಹೊಯ್ಯುತ್ತಾರೆ. ಅದರ ಮೇಲೆ ಕತ್ತ, ಅಂದರೆ ತೆಂಗಿನ ನಾರಿನ ಉಂಡೆ. ಗಜ, ಅಂದರೆ ಉದ್ದನೆ ಸಲಾಕೆ, ಹಾಕಿ ಕುಟ್ಟುತ್ತಾರೆ. ಮೊದಲು ಮೆತ್ತಗೆ ಕೂರುವ ಗಜ ಕತ್ತ ಬಿಗಿಯುತ್ತಿದ್ದಂತೆ ಟಣ್ಣನೆ ಪುಟಿದು ಕೈಗೆ ಬರಬೇಕು. ಆಮೇಲೆ ಗುಂಡೋ ಚರೆಯೋ, ಅದು ಉರುಳದಂತೆ ಇನ್ನೊಂದು ಕತ್ತ. ಕೊನೆಗೆ, ಕಟ್ಟಕಡೆಗೆ, ಕೇಪು. ಮಳೆಗಾಲದಲ್ಲಿ ಕೇಪಿನ ಸುತ್ತ ಜೇನುಮೇಣ ಒತ್ತುವವರೂ ಇದ್ದಾರೆ. “ಕೇಪು ಒಣಗಿದ್ರೆ ತೋಟ ನಮ್ದು, ಒದ್ದೆಯಾದ್ರೆ ತೋಟ ಹಂದೀದು ಮಾರಾಯ” ಎಂದು ಮಾಳದ ಮೇಲೆ ಕೂತು ರಾತ್ರಿ ಕಳೆದ ಹಳಬರು ಹೇಳುವುದುಂಟು.

ಈಡನ್ನು ತುಂಬುವವನೇ ಆ ಹೊತ್ತಿಗೆ ಬೇಕಾದ್ದನ್ನು ಕಟ್ಟಿಕೊಳ್ಳುತ್ತಾನೆ ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಹಂದಿಗೆ ಒಂದೇ ದಪ್ಪ ಗುಂಡು. ಹಕ್ಕಿ ಓಡಿಸಲು ಸಣ್ಣ ಚರೆ. ಮಂಗನ ಹಿಂಡಿಗೆ ಗುಂಡೂ ಬೇಡ, ಚರೆಯೂ ಬೇಡ. ಮಸಿಯ ಮೇಲೆ ಬಿಗಿಯಾಗಿ ಕತ್ತ ಹೊಡೆದು ಹುಸಿ ಈಡು ಹಾರಿಸಿದರೆ ಕಣಿವೆಯೆಲ್ಲ ಮೊಳಗುತ್ತದೆ. ಆಂಜನೇಯನ ಮೇಲೆ ಕೋವಿ ಎತ್ತಲು ನಮ್ಮ ಕಡೆ ತೋಟಿಗರಿಗೆ ಕೈ ಬರುವುದಿಲ್ಲ. ಬಂದರೂ ಹೊಡೆಯಬಾರದು, ಅದು ಕಾನೂನಿಗೂ ವಿರುದ್ಧ, ಆರೋಗ್ಯಕ್ಕೂ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನಕಾಯಿಲೆ ಹೊನ್ನಾವರ, ಭಟ್ಕಳ, ಕುಮಟಾಕ್ಕೂ ಬಂದ ಮೇಲೆ, ಸತ್ತ ಮಂಗದಿಂದ ಉದುರುವ ಉಣ್ಣಿ ಎಷ್ಟು ಅಪಾಯ ಎಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ಬೇಕಾದದ್ದು ಸದ್ದು. ಕಾರ್ಖಾನೆಯಿಂದ ಕಟ್ಟಿಬರುವ ತೋಟಾದಲ್ಲಿ ಈ ಅನುಕೂಲ ಇಲ್ಲ.

ಇನ್ನು ಬೋರಿನ ಲೆಕ್ಕ. ಹನ್ನೆರಡು ಬೋರ್ ಅನ್ನುವಾಗ ಹನ್ನೆರಡು ಏನು ಎಂದು ಕೇಳಿದರೆ ಬಂದೂಕು ಇಟ್ಟುಕೊಂಡವರೇ ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ. ಒಂದು ಪೌಂಡ್ ಸೀಸ, ಅಂದರೆ ಸುಮಾರು 454 ಗ್ರಾಂ, ತೆಗೆದುಕೊಂಡು ಹನ್ನೆರಡು ಸಮನಾದ ಗುಂಡು ಎರಕ ಹೊಯ್ದರೆ ಒಂದೊಂದೂ 38 ಗ್ರಾಂ ಆಗುತ್ತದೆ. ಆ ಗುಂಡಿನ ಅಡ್ಡಳತೆ 18.5 ಮಿ.ಮೀ. ಅದು ಸರಿಯಾಗಿ ಹಿಡಿಯುವ ನಳಿಗೆ ಹನ್ನೆರಡು ಬೋರ್. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದೊಡ್ಡದು. ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ, 1878ರಲ್ಲಿ ತನ್ನ ಹದಿಮೂರು ವರ್ಷಗಳ ಕಾಡಿನ ಅನುಭವ ಬರೆದು ಪ್ರಕಟಿಸಿದ ಜಿ.ಪಿ. ಸ್ಯಾಂಡರ್ಸನ್ ಆನೆ, ಕಾಡುಕೋಣಗಳಿಗೆ ನಾಲ್ಕು ಮತ್ತು ಎಂಟು ಬೋರಿನ ಕೋವಿ ಬಳಸುತ್ತಿದ್ದ. ನಾಲ್ಕು ಬೋರಿನ ಒಂದು ಗುಂಡು 113 ಗ್ರಾಂ, ದಪ್ಪ 27 ಮಿ.ಮೀ. ಅಷ್ಟು ದೊಡ್ಡದೇಕೆ? ಕಪ್ಪು ಮದ್ದಿಗೆ ಗುಂಡನ್ನು ಹೆಚ್ಚು ವೇಗವಾಗಿ ತಳ್ಳಲು ಬರುವುದಿಲ್ಲ. ವೇಗ ಹೆಚ್ಚಿಸಲಾಗದಿದ್ದರೆ ತೂಕ ಹೆಚ್ಚಿಸಬೇಕು, ಬೇರೆ ದಾರಿಯಿಲ್ಲ.

ನಳಿಗೆಯೊಳಗೆ ಸುರುಳಿ ಗೀರು ಹಾಕಿ ಗುಂಡನ್ನು ತಿರುಗಿಸಿದರೆ ಅದು ನೆಟ್ಟಗೆ ಹೋಗುತ್ತದೆ ಎಂದು ಯುರೋಪಿನ ಬೇಟೆಗಾರರಿಗೆ ಹದಿನಾರನೇ ಶತಮಾನದಲ್ಲೇ ಗೊತ್ತಿತ್ತು. ಯಾಕೆ ಎಂದು ಗೊತ್ತಿರಲಿಲ್ಲ. ಅದನ್ನು ಲೆಕ್ಕ ಮಾಡಿ ತೋರಿಸಿದವನು ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದಕ್ಕೆ ಹೋಯಿತು ಎಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಉಪಾಯ ಅವನದು. 1742ರಲ್ಲಿ ಪುಸ್ತಕ ಬಂತು. ನುಣುಪು ನಳಿಗೆಯಲ್ಲಿ ಗುಂಡು ಒಂದು ಗೋಡೆಗೆ ಉಜ್ಜಿ ಹೊರಬರುವಾಗ ಅಡ್ಡಾದಿಡ್ಡಿ ತಿರುಗಿಕೊಂಡು ಗಾಳಿಯಲ್ಲಿ ಪಕ್ಕಕ್ಕೆ ಸೊಟ್ಟಗಾಗುತ್ತದೆ ಎಂದು ತೋರಿಸಲು ನಳಿಗೆಯ ತುದಿಯನ್ನೇ ಬಗ್ಗಿಸಿ, ಸಾಲಾಗಿ ಕಾಗದದ ಪರದೆ ನಿಲ್ಲಿಸಿ ಹೊಡೆದು, ತೂತುಗಳ ಗೆರೆಯನ್ನು ಅಳೆದ. ಇವನನ್ನು ಈಸ್ಟ್ ಇಂಡಿಯಾ ಕಂಪನಿ ಕೋಟೆ ಕಟ್ಟಿಸಲು ನಮ್ಮ ಕಡೆಗೆ ಕರೆಸಿಕೊಂಡಿತು. 1750ರಲ್ಲಿ ಬಂದವನು ಮರುವರ್ಷವೇ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ಸತ್ತ. ರೈಫಲಿನ ಗಣಿತ ಬರೆದವನು ಕೋರಮಂಡಲದ ಮಣ್ಣಿನಲ್ಲಿ ಮಲಗಿದ್ದಾನೆ.

ದಕ್ಷಿಣ ಭಾರತಕ್ಕೂ ರೈಫಲಿಗೂ ಇನ್ನೊಂದು ನಂಟಿದೆ, ಅದು ಇನ್ನೂ ಸ್ವಾರಸ್ಯದ್ದು. ಗೀರು ನಳಿಗೆಯ ದೊಡ್ಡ ತೊಡಕು ಏನೆಂದರೆ, ಗುಂಡು ಗೀರಿಗೆ ಬಿಗಿಯಾಗಿ ಕೂರಬೇಕು. ಬಿಗಿಯಾಗಿದ್ದರೆ ಬಾಯಿಂದ ಇಳಿಸುವುದು ಕಷ್ಟ, ಸುತ್ತಿಗೆಯಲ್ಲಿ ಬಡಿಯಬೇಕು. ಸಡಿಲವಿದ್ದರೆ ಗೀರು ವ್ಯರ್ಥ. 34ನೇ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ನಾರ್ಟನ್ ದಕ್ಷಿಣ ಭಾರತದಲ್ಲಿದ್ದಾಗ ಇಲ್ಲಿನ ಬೇಡರ ಊದುಗೊಳವೆಯ ಬಾಣವನ್ನು ಕೈಗೆತ್ತಿಕೊಂಡು ನೋಡಿದ. ಬಾಣದ ಬುಡದಲ್ಲಿ ತಾವರೆ ದಂಟಿನ ತಿರುಳು. ಊದಿದಾಗ ಅದು ಉಬ್ಬಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಉಸಿರು ಪಕ್ಕದಿಂದ ಸೋರುವುದಿಲ್ಲ. ಹಾಗಾದರೆ ಸೀಸದ ಗುಂಡಿನ ಬುಡವನ್ನು ಟೊಳ್ಳು ಮಾಡಿದರೆ? ಸಡಿಲವಾಗಿ ಇಳಿಯುತ್ತದೆ, ಮದ್ದು ಸಿಡಿದಾಗ ಬುಡ ಉಬ್ಬಿ ಗೀರನ್ನು ಕಚ್ಚುತ್ತದೆ. 1823ರಲ್ಲಿ ಅಂಥ ಉದ್ದನೆ ಗುಂಡನ್ನು ಅವನು ಮಾಡಿದ. ಸೈನ್ಯ ಎಂದಿನಂತೆ ಬೇಡವೆಂದಿತು. ಫ್ರಾನ್ಸಿನ ಮಿನಿಯೆ 1840ರ ದಶಕದ ಕೊನೆಗೆ ಇದನ್ನೇ ತಿದ್ದಿ ತೀಡಿದಾಗ ಬ್ರಿಟಿಷ್ ಸರ್ಕಾರ ಅವನಿಗೆ 20,000 ಪೌಂಡ್ ಕೊಟ್ಟಿತು. ಆ ಮೇಲಿನ ಎನ್‌ಫೀಲ್ಡ್ ರೈಫಲ್, ಅದರ ಕೊಬ್ಬು ಸವರಿದ ತೋಟಾ, 1857 ಎಲ್ಲರಿಗೂ ಗೊತ್ತಿರುವ ಸಂಗತಿ. ಊದುಗೊಳವೆಯ ಬೇಡನ ಹೆಸರನ್ನು ಯಾರೂ ಬರೆದಿಡಲಿಲ್ಲ.

1884ರಲ್ಲಿ ಪಾಲ್ ವಿಯೆಯ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಹೊಗೆಯಿಲ್ಲದ ಮದ್ದು ತಯಾರಿಸಿದ ಮೇಲೆ ಲೆಕ್ಕವೆಲ್ಲ ತಲೆಕೆಳಗಾಯಿತು. ಹೊಸ ಮದ್ದಿಗೆ ಹಳೆಯದರ ಹಲವು ಪಟ್ಟು ಕಸುವು. ಈಗ ಗುಂಡು ಚಿಕ್ಕದಾಗಿ, ಉದ್ದವಾಗಿ, ವೇಗವಾಗಿ ಹೋಗಬಹುದು. 27 ಮಿ.ಮೀ.ನ ನಾಲ್ಕು ಬೋರ್ ಮಾಡುತ್ತಿದ್ದ ಕೆಲಸವನ್ನು ಹನ್ನೊಂದೂವರೆ ಮಿ.ಮೀ.ನ .450 ರೈಫಲ್ ಮಾಡತೊಡಗಿತು. (ಈ ಮದ್ದನ್ನು ಕೇಪಿನ ಕೋವಿಗೆ ತುಂಬಿದರೆ ನಳಿಗೆ ಒಡೆದು ಕೈಯೋ ಕಣ್ಣೋ ಹೋಗುವುದು ಖಂಡಿತ. ತೋಟಾ ಬಿಚ್ಚಿ ಮದ್ದು ಉಳಿಸುವ ಜಾಣರು ಇದನ್ನು ನೆನಪಿಡಬೇಕು.) ಬೇಟೆಗಾರರು ಕುಣಿದಾಡುತ್ತಿದ್ದಾಗ ಸರ್ಕಾರ ನಡುವೆ ಬಂತು. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲಿನದೂ ಅದೇ .450 ಗುಂಡು. ಬೇಟೆಯ ತೋಟಾದ ಗುಂಡು, ಕೇಪು ಕಿತ್ತು ದಂಗೆಕೋರರು ಕದ್ದ ರೈಫಲಿಗೆ ಬಳಸಿಕೊಂಡರೆ? ಭಾರತ ಮತ್ತು ಸೂಡಾನ್‌ನಲ್ಲಿ .450 ರೈಫಲನ್ನು ನಿಷೇಧಿಸಿದರು. 1907ರ ಹೊತ್ತಿಗೆ ಲಂಡನ್ನಿನ ಕೋವಿ ಕಂಪನಿಗಳು ನಾಮುಂದು ತಾಮುಂದು ಎಂದು .465, .470, .475 ಎಂಬ ಹೊಸ ಅಳತೆಗಳನ್ನು ಹೊರತಂದವು. ಆನೆಯೇನೂ ದಪ್ಪವಾಗಿರಲಿಲ್ಲ, ಹುಲಿಯೂ ಗಟ್ಟಿಯಾಗಿರಲಿಲ್ಲ. ಕಾನೂನನ್ನು ದಾಟಲು ಒಂದು ಮಿಲಿಮೀಟರಿನ ಸಣ್ಣ ಪಾಲು ಸಾಕಾಗಿತ್ತು.

ಸೈನ್ಯದ .303 ಕೂಡ ಹೀಗೆಯೇ ಜನಸಾಮಾನ್ಯರಿಗೆ ನಿಷಿದ್ಧ. ಅದರ ಬದಲಿಗೆ ಸಿಕ್ಕಿದ್ದು .315, ಎಂದರೆ 8 ಮಿ.ಮೀ. ಮೂಲದಲ್ಲಿ ಆಸ್ಟ್ರಿಯಾದ ಮಾನ್‌ಲಿಕರ್ ಸೈನಿಕ ತೋಟಾ. ಭಾರತದಲ್ಲಿ ಆ ಅಳತೆ ಸೈನ್ಯದಲ್ಲಿ ಇಲ್ಲವಾದ್ದರಿಂದ ಬಾಧಕವಿಲ್ಲ. ಸ್ವಾತಂತ್ರ್ಯ ಬಂದಮೇಲೂ ನಿಯಮ ಬದಲಾಗಲಿಲ್ಲ. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ .315 ಸ್ಪೋರ್ಟಿಂಗ್ ರೈಫಲ್ ಮಾಡುತ್ತಾ ಬಂತು. ಇವತ್ತು ಪರವಾನಗಿ ಸಿಕ್ಕ ಭಾರತೀಯನೊಬ್ಬ ಸ್ವದೇಶಿ ದೊಡ್ಡ ರೈಫಲ್ ಬೇಕೆಂದರೆ ಬಹುಮಟ್ಟಿಗೆ ಇದೇ. ಅಮೆರಿಕದ .405 ವಿಂಚೆಸ್ಟರ್ ಹಿಡಿದು ಕರ್ನಾಟಕದ ಕಾಡು ತಿರುಗಿದ, ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಲ ಹೋಯಿತು.

ಸರಿ, ಕುಮಟಾದ ತೋಟಿಗನಿಗೆ .315 ಸಿಕ್ಕಿತು ಎಂದುಕೊಳ್ಳಿ. ಪ್ರಯೋಜನವೇನು? ಇಲ್ಲಿ ಹಂದಿ ಕಾಣುವುದೇ ಇಪ್ಪತ್ತು ಮೂವತ್ತು ಹೆಜ್ಜೆಯಲ್ಲಿ. ಹಳು ದಟ್ಟ, ಬ್ಯಾಟರಿ ಬೆಳಕು ಬಿದ್ದಲ್ಲಿ ಅಡಿಕೆ ಮರದ ಸಾಲಿನ ನಡುವೆ ಒಂದು ಕಪ್ಪು ಬೆನ್ನು. ಇನ್ನೂರು ಮೀಟರ್ ನೆಟ್ಟಗೆ ಹೋಗುವ ಗುಂಡಿಗೆ ಅಲ್ಲಿ ಕೆಲಸವಿಲ್ಲ. ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದೇ ಭಯ. ಕಿರುಬೆರಳಿಗಿಂತ ಸಣ್ಣದಾದ .22 ತೋಟಾದ ಗುಂಡು ಕೂಡ ಒಂದೂವರೆ ಕಿಲೋಮೀಟರಿಗಿಂತ ದೂರ ಹೋಗಬಲ್ಲದು; .315 ಅದರ ಎಷ್ಟೋ ಮುಂದೆ. ಭಟ್ಕಳದ ಹತ್ತಿರ ಘಟ್ಟಕ್ಕೂ ಕಡಲಿಗೂ ನಡುವೆ ಜಾಗವೇ ಕಡಿಮೆ. ಆ ಪಟ್ಟಿಯೊಳಗೆ ತೋಟ, ತೋಟದ ನಡುವೆ ಮನೆ, ಮನೆಯಾಚೆ ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲು. ನುಣುಪು ನಳಿಗೆಯ ದಪ್ಪ ಚರೆ ನಲವತ್ತು ಮೀಟರಿನೊಳಗೆ ಕೆಲಸ ಮಾಡಿ, ಕೆಲವು ನೂರು ಮೀಟರಿನಲ್ಲಿ ಸುಸ್ತಾಗಿ ಬೀಳುತ್ತದೆ. ಇಂಥ ಊರಿಗೆ ಅದೇ ಸೈ.

ಹಾಗಂತ ಕೇಪಿನ ಕೋವಿಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಒಂದೇ ಈಡು. ಗುರಿ ತಪ್ಪಿ ಗಾಯಗೊಂಡ ಹಂದಿ ತಿರುಗಿಬಿದ್ದರೆ ಮತ್ತೆ ಮಸಿ ಹೊಯ್ದು, ಕತ್ತ ಕುಟ್ಟಿ, ಕೇಪು ಸಿಕ್ಕಿಸುವವರೆಗೆ ಅದು ಕಾಯುವುದಿಲ್ಲ. ತುಂಬಿಟ್ಟ ಈಡನ್ನು ಮರೆತು ಗೋಡೆಗೆ ಒರಗಿಸಿದ ಕೋವಿ ಮನೆಯವರನ್ನೇ ತೆಗೆದ ಸುದ್ದಿ ಮಲೆನಾಡು, ಕರಾವಳಿಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಒಂದು ಮುಷ್ಟಿ ಮಸಿ ಹೆಚ್ಚಾದರೆ ಸಾಕು, ನಳಿಗೆ ಸೀಳುತ್ತದೆ. ಹನ್ನೆರಡು ಬೋರಿನ ಜೋಡಿ ನಳಿಗೆ ಇವೆಲ್ಲಕ್ಕಿಂತ ಸುರಕ್ಷಿತ, ಬಿಚ್ಚಿ ನೋಡಿದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಆಯ್ಕೆ ರೈತನ ಕೈಯಲ್ಲಿದ್ದರೆ ಎಷ್ಟೋ ಜನ ಅದನ್ನೇ ಹಿಡಿಯುತ್ತಿದ್ದರು.

ಆದರೆ ಆಯ್ಕೆ ಅವರ ಕೈಯಲ್ಲಿ ಪೂರ್ತಿ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ರಕ್ಷಣೆಗೆ ಅಥವಾ ಕ್ರೀಡೆಗೆ ಎಂದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕು ಎಂದಿದೆ. ನಿಜವಾದ ಬೆಳೆ ರಕ್ಷಣೆಗೆ ಎಂದರೆ ಬಾಯಿಂದ ತುಂಬುವ ಕೋವಿ ಎಂದಿದೆ. ಅದು ಸಾಲದು ಎಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯದನ್ನು ಕೊಡಬಹುದು. ಅಂದರೆ ಬೆಲ್ಹೆಲ್ವಿಯ ಪಾದ್ರಿ ಬಾತುಕೋಳಿಗಾಗಿ ಕಂಡುಹಿಡಿದ ಯಂತ್ರವನ್ನು ಒಂದೂವರೆ ಶತಮಾನ ಕಳೆದ ಮೇಲೆ ನಮ್ಮ ಸಂಸತ್ತು ಭಾರತದ ರೈತನಿಗೆ ಗೊತ್ತುಮಾಡಿ ಕೊಟ್ಟಿತು. ಘಟ್ಟದ ಆಚೆ ಕೊಡಗಿನಲ್ಲಿ ಲೆಕ್ಕ ಬೇರೆ: ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿ ಇದೆ, 2019ರಲ್ಲಿ ಅದನ್ನು ಕೇಂದ್ರ 2029ರವರೆಗೆ ಮುಂದುವರಿಸಿತು. ನಮ್ಮ ಜಿಲ್ಲೆಯವರು ಕೇಪಿನ ಕೋವಿಗೂ ಅರ್ಜಿ ಹಾಕಬೇಕು, ನವೀಕರಿಸಬೇಕು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರಬೇಕು. ಚುನಾವಣೆ ಇರುವ ವಿಷಯ ಹಂದಿಗೆ ಹೇಳುವವರಿಲ್ಲ.

ಕೋವಿಗೆ ಪರವಾನಗಿ ಇದೆ ಎಂದಮಾತ್ರಕ್ಕೆ ಪ್ರಾಣಿಗೆ ಹೊಡೆಯಲು ಪರವಾನಗಿ ಇದೆ ಎಂದಲ್ಲ. ಇದನ್ನು ಕಲೆಸಿಕೊಂಡು ಎಷ್ಟೋ ಜನ ಕೋರ್ಟು ಅಲೆದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದೂ ಉರುಳು ಹಾಕುವುದೂ ಬೇಟೆಯೇ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಬೇಕಾದರೂ 11ನೇ ಕಲಮಿನಂತೆ ವನ್ಯಜೀವಿ ಅಧಿಕಾರಿಯ ಲಿಖಿತ ಅನುಮತಿ ಬೇಕು. ಹಳೆಯ ಕಾಯ್ದೆಯಲ್ಲಿ ಇಲಿ, ಕಾಗೆ, ಹಣ್ಣು ತಿನ್ನುವ ಬಾವಲಿಗಳನ್ನು ಪೀಡೆಗಳೆಂದು ಐದನೇ ಅನುಸೂಚಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದರು. ಕೇಂದ್ರ ಅಧಿಸೂಚನೆ ಹೊರಡಿಸಿದರೆ ಮಾತ್ರ ಈಗ ಒಂದು ಪ್ರಾಣಿ ಪೀಡೆಯಾಗುತ್ತದೆ, ಅದೂ ಹೇಳಿದ ಜಾಗದಲ್ಲಿ, ಹೇಳಿದ ಅವಧಿಗೆ.

ಹೀಗಾಗಿ ತೋಟದ ಕೋವಿಯಿಂದ ಈಗ ಹೆಚ್ಚಾಗಿ ಹಾರುವುದು ಹುಸಿ ಈಡು. ಏರ್‌ಗನ್ ತಂದವರೂ ಇದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177ಕ್ಕಿಂತ, ಅಂದರೆ 4.5 ಮಿ.ಮೀ.ಗಿಂತ ದೊಡ್ಡ ನಳಿಗೆಯದಕ್ಕೂ 20 ಜೂಲ್ ದಾಟುವ ಕಸುವಿನದಕ್ಕೂ ಪರವಾನಗಿ ಬೇಕು. ಅದರೊಳಗಿನದು ಸಲೀಸಾಗಿ ಸಿಗುತ್ತದೆ. ಅದರ ಸದ್ದಿಗೆ ಮಂಗ ತಿರುಗಿಯೂ ನೋಡುವುದಿಲ್ಲ, ಪೆಲೆಟ್ ತಾಗಿದರೆ ಗಾಯವಾಗಿ ಕೊಳೆಯುತ್ತದೆ, ಅದು ಅಪರಾಧ ಕೂಡ. ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಢಂ ಅನ್ನಿಸುವ ಸಾಧನವೂ ಬಂದಿದೆ. ಅಗ್ಗವೇನೋ ಹೌದು, ಪೈಪು ಒಡೆದು ಮುಖಕ್ಕೆ ಸಿಡಿಯುವುದೂ ಹೌದು. ಇವೆರಡಕ್ಕೂ ಹೋಲಿಸಿದರೆ ಪಳಗಿದ ಕೈಯಲ್ಲಿ ಅಳತೆಯ ಮಸಿ, ಬಿಗಿಯಾದ ಕತ್ತ, ಒಣ ಕೇಪು ಇರುವ ಹಳೆಯ ಕೋವಿಯೇ ಮೇಲು ಎಂದು ನನ್ನ ಎಣಿಕೆ. ಕತ್ತವಂತೂ ಮನೆಯ ತೆಂಗಿನದೇ. ಮಸಿಯೂ ಕೇಪೂ ಮಾತ್ರ ಪರವಾನಗಿ ಪುಸ್ತಕ ತೋರಿಸಿ, ಮಳೆ ಹಿಡಿಯುವ ಮೊದಲೇ ತಂದಿಡಬೇಕು.